ಅಂಗಳವಿಲ್ಲದ ತಂಡಗಳ ಜಾತಕ

ಪ್ರೊ ಕಬಡ್ಡಿ ಲೀಗಿನ ಹನ್ನೆರಡನೆಯ ಆವೃತ್ತಿಯು 2025ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಆರಂಭವಾಯಿತು. ಅದಕ್ಕೆ ಮುನ್ನವೇ ಮುನ್ನೋಟಗಳ ಸುಗ್ಗಿ ಆರಂಭವಾಗಿತ್ತು. ಯಾವ ತಂಡ ಬಲಿಷ್ಠ, ಯಾವುದು ದುರ್ಬಲ, ಯಾರು ಪ್ರಶಸ್ತಿಗೆ ಹತ್ತಿರ ಎಂದು ಹೇಳುವ ಬರಹಗಳು ದಿನಕ್ಕೊಂದರಂತೆ ನಮ್ಮ ಕೈ ಸೇರುತ್ತಿದ್ದವು. ಇವುಗಳಲ್ಲಿ ಹೆಚ್ಚಿನವು ವಿಮರ್ಶೆಗಳಲ್ಲ, ಜಾತಕಗಳು ಎಂಬುದು ನಮ್ಮ ಆಕ್ಷೇಪ. ಜಾತಕ ಬರೆಯುವವನಾದರೂ ಮಗು ಹುಟ್ಟಿದ ಊರನ್ನು ಕೇಳಿಕೊಂಡೇ ಕುಂಡಲಿ ಹಾಕುತ್ತಾನೆ. ನಮ್ಮ ಕ್ರೀಡಾ ಜೋಯಿಸರಿಗೆ ಊರೂ ಬೇಡ, ಹುಟ್ಟೂ ಬೇಡ. ಹರಾಜಿನ ಪಟ್ಟಿಯೊಂದಿದ್ದರೆ ಸಾಕು.

ಮೇ 31 ಮತ್ತು ಜೂನ್ 1ರಂದು ಮುಂಬಯಿಯಲ್ಲಿ ನಡೆದ ಹರಾಜಿನಲ್ಲಿ ಕೋಟಿ ರೂಪಾಯಿ ದಾಟಿದ ಆಟಗಾರರು ಹತ್ತು ಮಂದಿ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂ ಅವರನ್ನು ಗುಜರಾತ್ ಜೈಂಟ್ಸ್ 2.23 ಕೋಟಿಗೆ ಕೊಂಡಿತು. ಕಳೆದ ಆವೃತ್ತಿಯಲ್ಲಿ 301 ರೈಡ್ ಅಂಕ ಗಳಿಸಿದ ದೇವಾಂಕ್ ದಲಾಲ್ ಸುಮಾರು 2.2 ಕೋಟಿಗೆ ಬೆಂಗಾಲ್ ವಾರಿಯರ್ಸ್ ಪಾಲಾದರು. ಇಷ್ಟನ್ನು ಹೇಳಿ, ಇವೆರಡು ತಂಡಗಳ ಹೆಸರಿನ ಮುಂದೆ ನಕ್ಷತ್ರ ಚಿಹ್ನೆ ಹಾಕಿಬಿಟ್ಟರೆ ಮುನ್ನೋಟ ಮುಗಿಯಿತು. ಬೆಲೆಯೇ ಬಲ ಎಂಬ ಈ ಸಮೀಕರಣವನ್ನು ಹನ್ನೊಂದು ಆವೃತ್ತಿಗಳ ಇತಿಹಾಸವು ಎಷ್ಟು ಸಲ ಹುಸಿ ಮಾಡಿದೆ ಎಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕುವುದಿಲ್ಲ.

ಲೆಕ್ಕ ನಾವು ಹಾಕೋಣ. 2018ರ ಆರನೆಯ ಆವೃತ್ತಿಯ ಹರಾಜಿನಲ್ಲಿ ಮೊದಲ ಬಾರಿಗೆ ಕೋಟಿಯ ಗಡಿ ದಾಟಲಾಯಿತು. ಆಗ ಅತ್ಯಂತ ದುಬಾರಿಯಾದವರು ಮೋನು ಗೋಯತ್. ಹರಿಯಾಣ ಸ್ಟೀಲರ್ಸ್ ಅವರಿಗೆ ತೆತ್ತದ್ದು 1.51 ಕೋಟಿ. ಆ ತಂಡ ತನ್ನ ವಲಯದಲ್ಲಿ ಕಟ್ಟಕಡೆಯ ಸ್ಥಾನಕ್ಕೆ ಇಳಿಯಿತು. ಅದೇ ಹರಾಜಿನಲ್ಲಿ ಬೆಂಗಳೂರು ಬುಲ್ಸ್ ಪವನ್ ಸೆಹ್ರಾವತ್ ಅವರನ್ನು 52.8 ಲಕ್ಷಕ್ಕೆ ಕೊಂಡಿತ್ತು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಫೈನಲ್‌ನಲ್ಲಿ ಆ ಹುಡುಗ ಒಬ್ಬನೇ 22 ಅಂಕ ದೋಚಿದ. ಗುಜರಾತನ್ನು 38–33ರಿಂದ ಸೋಲಿಸಿ ಬುಲ್ಸ್ ತನ್ನ ಏಕೈಕ ಪ್ರಶಸ್ತಿಯನ್ನು ಗೆದ್ದಿತು. ಮುಂದೆ ಅದೇ ಪವನ್ 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಸೇರಿದರು. ಮೊದಲ ಪಂದ್ಯದಲ್ಲೇ ಗಾಯಗೊಂಡು ಹೊರಬಿದ್ದರು. ಅವರಿಲ್ಲದ ತಲೈವಾಸ್ ಸೆಮಿಫೈನಲ್ ತಲುಪಿತು! ಮರುವರ್ಷ ನಮ್ಮ ಊರಿನ ತೆಲುಗು ಟೈಟನ್ಸ್ ಅವರಿಗೆ 2.6 ಕೋಟಿ ಸುರಿಯಿತು. 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಸ್ಥಾನ ಹನ್ನೆರಡನೆಯದು. ಒಬ್ಬನೇ ಆಟಗಾರ, ಏರುತ್ತಲೇ ಹೋದ ಬೆಲೆ, ಇಳಿಯುತ್ತಲೇ ಹೋದ ಫಲ. ತಪ್ಪು ಪವನ್ ಅವರದಲ್ಲ. ಕಬಡ್ಡಿಯ ಅಂಕಣದಲ್ಲಿ ಏಳು ಮಂದಿ ಇರುತ್ತಾರೆ ಎಂಬುದನ್ನು ಮರೆತವರದು.

ಕಳೆದ ವರ್ಷದ ಬುಲ್ಸ್ ಕಥೆಯೂ ಬೇರೆಯಲ್ಲ. ಲೀಗಿನ ಚರಿತ್ರೆಯಲ್ಲೇ ಅತಿ ಹೆಚ್ಚು ರೈಡ್ ಅಂಕ ಗಳಿಸಿದ್ದ ಪರ್ದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೂ, ಅಜಿಂಕ್ಯ ಪವಾರ್ ಅವರನ್ನು ಕೋಟಿಗೂ ಮಿಕ್ಕಿ ಕೊಟ್ಟು ಕೊಂಡಾಗ ಮುನ್ನೋಟಕಾರರು ಬುಲ್ಸ್‌ಗೆ ಜಯಮಾಲೆ ಹೆಣೆದರು. 2024ರ ಅಕ್ಟೋಬರ್ 18ರಂದು ನಮ್ಮ ಗಚ್ಚಿಬೌಲಿಯ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಉದ್ಘಾಟನಾ ಪಂದ್ಯದಲ್ಲೇ ಬುಲ್ಸ್ 29–37ರಿಂದ ಟೈಟನ್ಸ್‌ಗೆ ಶರಣಾಯಿತು. ಆವೃತ್ತಿ ಮುಗಿಯುವಾಗ 22 ಪಂದ್ಯಗಳಲ್ಲಿ ಎರಡೇ ಗೆಲುವು, ಪಟ್ಟಿಯ ತಳ. 2025ರ ಹರಾಜಿನಲ್ಲಿ ಪರ್ದೀಪ್ ಅವರನ್ನು ಯಾರೂ ಕೊಳ್ಳಲಿಲ್ಲ; ಅವರು ನಿವೃತ್ತಿ ಘೋಷಿಸಿದರು. ನಿನ್ನೆಯ ಜಾತಕ ಬರೆದವರೇ ಇಂದಿನ ಜಾತಕವನ್ನೂ ಬರೆಯುತ್ತಿದ್ದಾರೆ, ಅಷ್ಟೇ ನಿಶ್ಚಿಂತೆಯಿಂದ.

ಆದರೆ ನಮ್ಮ ತಕರಾರು ಭವಿಷ್ಯ ತಪ್ಪಾಯಿತೆಂಬುದಷ್ಟೇ ಅಲ್ಲ. ಆಟದಲ್ಲಿ ಭವಿಷ್ಯ ತಪ್ಪುವುದು ಸಹಜ. ತಪ್ಪದಿದ್ದರೆ ಆಟವೇ ಬೇಡ. ಈ ಮುನ್ನೋಟಗಳು ಕೇಳದೆ ಬಿಡುವ ಪ್ರಶ್ನೆಯೊಂದಿದೆ. ಅದು ಹೊರನಾಡಿನಲ್ಲಿ ಬಾಳುವ ನಮಗೆ ಪ್ರತಿದಿನದ ಪ್ರಶ್ನೆ: ಒಂದು ತಂಡ ಒಂದು ಊರಿನದಾಗುವುದು ಹೇಗೆ?

'ನಮ್ಮ ಬುಲ್ಸ್' ಎನ್ನುವ ಬರಹಗಳು ಬುಲ್ಸ್ ಎಲ್ಲಿ ಆಡುತ್ತದೆ ಎಂದು ಹೇಳುವುದಿಲ್ಲ. ಈ ಆವೃತ್ತಿಯ ಪಂದ್ಯಗಳು ನಡೆದದ್ದು ವಿಶಾಖಪಟ್ಟಣ, ಜೈಪುರ, ಚೆನ್ನೈ ಮತ್ತು ದಿಲ್ಲಿಗಳಲ್ಲಿ. ಬೆಂಗಳೂರಿನಲ್ಲಿ ಒಂದೂ ಇರಲಿಲ್ಲ, ಹೈದರಾಬಾದಿನಲ್ಲೂ ಇರಲಿಲ್ಲ. ಕಳೆದ ಆವೃತ್ತಿ ಹೈದರಾಬಾದ್, ನೊಯ್ಡಾ, ಪುಣೆಗಳಲ್ಲಿ ಮುಗಿಯಿತು. ಬೆಂಗಳೂರಿನವರು ತಮ್ಮ ಊರಿನ ತಂಡವನ್ನು ತಮ್ಮ ಊರಿನಲ್ಲಿ ಕಡೆಯ ಬಾರಿ ಕಂಡದ್ದು 2023ರ ಡಿಸೆಂಬರ್‌ನಲ್ಲಿ. ಇದು ಇಂದಿನ ಕಥೆಯೂ ಅಲ್ಲ. 2017ರಲ್ಲಿ ಬುಲ್ಸ್‌ನ 'ತವರಿನ ಪಂದ್ಯಗಳು' ನಡೆದದ್ದು ನಾಗಪುರದಲ್ಲಿ. ಪ್ರಶಸ್ತಿ ಗೆದ್ದ ಆರನೆಯ ಆವೃತ್ತಿಯಲ್ಲಿ ಪುಣೆಯಲ್ಲಿ. ಅಂದರೆ, ಬೆಂಗಳೂರು ಚಾಂಪಿಯನ್ ಆದ ವರ್ಷ ಬೆಂಗಳೂರಿನ ನೆಲದಲ್ಲಿ ಬುಲ್ಸ್‌ನ ತವರು ಪಂದ್ಯ ನಡೆಯಲೇ ಇಲ್ಲ. ಇನ್ನು ಕೊರೊನಾ ಕಾಲದ ಎಂಟನೆಯ ಆವೃತ್ತಿಯಲ್ಲಿ, 2021ರ ಡಿಸೆಂಬರ್‌ನಿಂದ 2022ರ ಫೆಬ್ರುವರಿಯವರೆಗೆ, ಇಡೀ ಲೀಗ್ ವೈಟ್‌ಫೀಲ್ಡಿನ ಒಂದು ಹೋಟೆಲಿನೊಳಗೆ ನಡೆಯಿತು. ಬೆಂಗಳೂರಿಗೆ ಅತಿ ಹೆಚ್ಚು ಪಂದ್ಯಗಳು ಸಿಕ್ಕ ವರ್ಷ ಒಬ್ಬ ಪ್ರೇಕ್ಷಕನಿಗೂ ಪ್ರವೇಶವಿರಲಿಲ್ಲ! ಅದಕ್ಕೆ ಕಾರಣ ಸೋಂಕು. ಆದರೆ ಉಳಿದ ವರ್ಷಗಳಿಗೆ ಯಾವ ಸೋಂಕಿನ ನೆಪವಿದೆ?

ಊರಿನ ಹೆಸರು ಹೊತ್ತು ಊರಲ್ಲಿ ಆಡದ ತಂಡಕ್ಕೆ 'ತವರಿನ ಅನುಕೂಲ'ವನ್ನು ಅಂಕವಾಗಿ ಕೊಡುವ ಮುನ್ನೋಟವನ್ನು ಏನೆನ್ನಬೇಕು? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನಮ್ಮವರು ಕನ್ನಡಿ ಕೊಟ್ಟರೂ ನೋಡುವುದಿಲ್ಲ.

ಇಲ್ಲಿ ನಮ್ಮ ನೆಲೆಯಿಂದ ಒಂದು ಮಾತು. ಶಂಶಾಬಾದಿನ ಮೂಲಕವೇ ಬೆಂಗಳೂರಿನ ಹೆದ್ದಾರಿ ಹಾದುಹೋಗುತ್ತದೆ. ವರ್ತುಲ ರಸ್ತೆ ಹಿಡಿದರೆ ಗಚ್ಚಿಬೌಲಿ ಕೈಗೆಟಕುವಷ್ಟು ಹತ್ತಿರ. ಹೀಗೆ ಎರಡು ಊರುಗಳ ನಡುವಿನ ಬಾಗಿಲಲ್ಲಿ ನಿಂತ ನಮಗೆ ಪ್ರತಿ ಆವೃತ್ತಿಯಲ್ಲೂ ಒಂದು ಪರೀಕ್ಷೆ ಎದುರಾಗುತ್ತದೆ. ಬುಲ್ಸ್ ಮತ್ತು ಟೈಟನ್ಸ್ ಮುಖಾಮುಖಿಯಾದ ದಿನ ನೀವು ಯಾರ ಕಡೆ? ಊರಿನಿಂದ ಕರೆ ಮಾಡುವ ಬಂಧುಗಳು ಕೇಳುತ್ತಾರೆ, ಇಲ್ಲಿನ ನೆರೆಯವರು ನಗುತ್ತ ಕೇಳುತ್ತಾರೆ, ನಮ್ಮ ಕನ್ನಡ ಕೂಟಗಳಲ್ಲಿ ನಾವೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ. ಇಲ್ಲೇ ಹುಟ್ಟಿ ಇಲ್ಲಿನ ಶಾಲೆಗೆ ಹೋಗುವ ಮಗು ಟೈಟನ್ಸ್‌ಗೆ ಚಪ್ಪಾಳೆ ತಟ್ಟಿದರೆ ಅದರ ಕನ್ನಡತನದ ಬಗ್ಗೆ ದೊಡ್ಡವರಿಗೆ ಆತಂಕ ಶುರುವಾಗುತ್ತದೆ. ಕೆಂಪು ಅಂಗಿಯೊಂದು ಕನ್ನಡದ ಪ್ರಮಾಣಪತ್ರವಾಗಿಬಿಡುತ್ತದೆ.

ಈ ಪರೀಕ್ಷೆಯನ್ನು ನಾವು ತಿರಸ್ಕರಿಸಬೇಕು. ಕಾರಣಗಳು ಎರಡು. ಮೊದಲನೆಯದು ಚರಿತ್ರೆ. ಹೈದರಾಬಾದಿನ ಕನ್ನಡಿಗರಲ್ಲಿ ಅನೇಕರ ಮೂಲ ಕಲಬುರಗಿ, ಬೀದರ್, ರಾಯಚೂರು. 1956ರವರೆಗೆ ಆ ಜಿಲ್ಲೆಗಳ ರಾಜಧಾನಿಯೇ ಈ ನಗರ. ಬೀದರಿನವನಿಗೆ ಇಂದಿಗೂ ಹೈದರಾಬಾದು ಬೆಂಗಳೂರಿಗಿಂತ ಎಷ್ಟೋ ಪಾಲು ಸಮೀಪ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗ ಶಾಲೆಯೂ ಯಾರೋ ಪರದೇಶಿಗಳು ಬಂದು ಕಟ್ಟಿಕೊಂಡ ಬಿಡಾರಗಳಲ್ಲ. ಅವು ಈ ಊರಿನದೇ ಮನೆಗಳು. ಅಂಥ ಊರಿನ ಮಗುವಿಗೆ 'ನಿನ್ನ ತಂಡ ಬೇರೆ ಕಡೆ ಇದೆ' ಎಂದು ಹೇಳಲು ಒಂದು ಫ್ರಾಂಚೈಸಿಗೆ ಯಾವ ಅಧಿಕಾರ? ಎರಡನೆಯದು ಆಟದ ಚರಿತ್ರೆಯೇ. ಟೈಟನ್ಸ್‌ನ ಮೊದಲ ಆವೃತ್ತಿಗಳಲ್ಲಿ ರಾಹುಲ್ ಚೌಧರಿಯವರ ಜೊತೆಯಾಗಿ ದಾಳಿ ನಡೆಸಿದವರು ಕರಾವಳಿಯ ಸುಕೇಶ್ ಹೆಗ್ಡೆ. ಎಂಟನೆಯ ಆವೃತ್ತಿಯಲ್ಲಿ ಪಟ್ನಾ ಪೈರೇಟ್ಸ್ ತಂಡವನ್ನು ಫೈನಲ್‌ವರೆಗೆ ನಡೆಸಿದ ನಾಯಕ ಪ್ರಶಾಂತ್ ಕುಮಾರ್ ರೈ. 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ 2024ರಲ್ಲಿ ಪುಣೇರಿ ಪಲ್ಟನ್‌ಗೂ ಪ್ರಶಸ್ತಿ ತಂದ ಕೋಚ್ ಬಿ.ಸಿ. ರಮೇಶ್. ಕನ್ನಡಿಗರ ಕಬಡ್ಡಿ ಬುಲ್ಸ್ ಅಂಗಿಯೊಳಗೆ ಮಾತ್ರ ಇದೆಯೆಂದು ಹೇಳಿದರೆ ಇವರೆಲ್ಲರನ್ನೂ ಲೆಕ್ಕದಿಂದ ಹೊರಹಾಕಿದಂತೆ.

ಟ್ರಿನಿಡಾಡಿನ ಸಿ.ಎಲ್.ಆರ್. ಜೇಮ್ಸ್ ತಮ್ಮ 'ಬಿಯಾಂಡ್ ಎ ಬೌಂಡರಿ' ಗ್ರಂಥದಲ್ಲಿ, ತಾರುಣ್ಯದಲ್ಲಿ ಯಾವ ಕ್ರಿಕೆಟ್ ಕ್ಲಬ್ ಸೇರಬೇಕೆಂಬ ಪ್ರಶ್ನೆ ತಮಗೆ ಹೇಗೆ ಮೈಬಣ್ಣದ ಮತ್ತು ವರ್ಗದ ಪ್ರಶ್ನೆಯಾಗಿ ಎದುರಾಯಿತೆಂಬುದನ್ನು ವಿವರಿಸಿದ್ದಾರೆ. ಅಲ್ಲಿನ ಕ್ಲಬ್ಬುಗಳು ಅನ್ಯಾಯದವಾಗಿದ್ದರೂ ಅವಕ್ಕೊಂದು ಮೈದಾನವಿತ್ತು, ಸುತ್ತ ಒಂದು ಸಮಾಜವಿತ್ತು. ಹಾಗಾಗಿಯೇ ಅವುಗಳೊಡನೆ ಜಗಳವಾಡುವುದಕ್ಕೆ ಅರ್ಥವಿತ್ತು. ಇಂದಿನ ತಂಡಗಳೊಂದಿಗೆ ಜಗಳವಾಡಲಿಕ್ಕೂ ಒಂದು ವಿಳಾಸವಿಲ್ಲ.

ಇದಕ್ಕೆ ಸಿದ್ಧ ಉತ್ತರವೊಂದಿದೆ: 'ಇದು ವೃತ್ತಿಪರ ಆಟ, ವ್ಯಾಪಾರ. ಊರಿನ ಹೆಸರು ಒಂದು ಗುರುತು ಮಾತ್ರ. ಪಂದ್ಯ ಎಲ್ಲಿ ನಡೆದರೇನು, ದೂರದರ್ಶನದಲ್ಲಿ ಕಾಣುತ್ತದಲ್ಲ?' ಒಪ್ಪೋಣ. ಹಾಗಿದ್ದರೆ ಆ ಗುರುತನ್ನು ತೋರಿಸಿ ನಮ್ಮ ಭಾವನೆಯನ್ನು ಕೇಳಬಾರದು. ಹೆಸರು ಬರಿಯ ಗುರುತಾದರೆ ಅಭಿಮಾನವೂ ಬರಿಯ ಗಿರಾಕಿತನ. ಎರಡನ್ನೂ ಒಟ್ಟಿಗೆ ಹೇಳಲಾಗದು. ಲಾಭದ ದಿನ ವ್ಯಾಪಾರ, ಜಾಹೀರಾತಿನ ದಿನ ನಾಡು ನುಡಿ ಎಂಬ ಎರಡು ನಾಲಗೆಯನ್ನು ಮುನ್ನೋಟ ಬರೆಯುವವರು ಎತ್ತಿ ತೋರಿಸದಿದ್ದರೆ ಬೇರೆ ಯಾರು ತೋರಿಸಬೇಕು?

ಇನ್ನೊಂದು ಆಕ್ಷೇಪವೂ ಬರುತ್ತದೆ: 'ಸ್ಥಳೀಯರೇ ಆಡಬೇಕೆಂದರೆ ಅದು ಸಂಕುಚಿತತನವಲ್ಲವೇ? ಹೊರನಾಡಿನಲ್ಲಿ ಅನ್ನ ಉಣ್ಣುವ ನೀವೇ ಹೀಗೆ ಹೇಳಬಹುದೇ?' ನಾವು ಹುಟ್ಟಿನ ಮೀಸಲಾತಿ ಕೇಳುತ್ತಿಲ್ಲ. ಹರಿಯಾಣದ ಹುಡುಗ ಬರಲಿ, ಇರಾನಿನವನೂ ಬರಲಿ. ಬಂದವನು ಊರಿನವನಾಗುವ ಬಗೆಯನ್ನು ನಾವು ಬಲ್ಲೆವು. ನಮ್ಮ ಬದುಕೇ ಅದು. ವರ್ಗಾವಣೆಯ ಆದೇಶ ಹಿಡಿದು ಬಂದವರು ನೆಲದ ನುಡಿ ಕಲಿತು, ನೆರೆಯವರ ಮದುವೆಗೆ ಹೋಗಿ, ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸಿ ಈ ಊರಿನವರಾದೆವು. ಇದ್ದು ಊರಿನವರಾದೆವು, ಹೆಸರು ಬರೆಸಿಕೊಂಡಲ್ಲ. ತಂಡದಿಂದ ನಾವು ಕೇಳುವುದೂ ಅಷ್ಟೇ: ಇಲ್ಲಿ ಇರಿ, ಇಲ್ಲಿ ಆಡಿ, ಇಲ್ಲಿನ ಹತ್ತು ಮಕ್ಕಳಿಗೆ ಕಲಿಸಿ.

ಇಷ್ಟಕ್ಕೂ ಕಬಡ್ಡಿ ಆಟಗಾರರನ್ನು ಇಷ್ಟು ಕಾಲ ಸಾಕಿದವರು ಯಾರು? ಲೀಗ್ ಹುಟ್ಟಿದ್ದು 2014ರಲ್ಲಿ. ಅದಕ್ಕೆ ಬಹಳ ಹಿಂದಿನಿಂದ ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕುಗಳು ಕೆಲಸ ಕೊಟ್ಟು, ಅಭ್ಯಾಸಕ್ಕೆ ಬಿಡುವು ಕೊಟ್ಟು ಈ ಆಟವನ್ನು ಉಳಿಸಿದವು. ಸರ್ಕಾರಿ ನೌಕರರನ್ನು ಸೋಮಾರಿಗಳೆಂದು ಗೇಲಿ ಮಾಡುವುದು ಈಗ ಫ್ಯಾಷನ್ನು. ಆದರೆ ಭಾರತದ ಕಬಡ್ಡಿ ಪದಕಗಳ ಹಿಂದೆ ಹಾಜರಿ ಪುಸ್ತಕಗಳಿವೆ ಎಂಬುದನ್ನು ನಾವು ನೆನಪಿಸಬೇಕಾಗಿದೆ. ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಇಲ್ಲಿನ ದಕ್ಷಿಣ ಮಧ್ಯ ರೈಲ್ವೆಯ ಉದ್ಯೋಗಿಯಾಗಿ ಬೆಳೆದು, ಭಾರತದ ನಾಯಕಿಯಾಗಿ 2012ರ ವಿಶ್ವಕಪ್ ಗೆದ್ದು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಹೊರನಾಡ ಕನ್ನಡಿಗರ ಹೆಮ್ಮೆಗೆ ಇದಕ್ಕಿಂತ ಹತ್ತಿರದ ಹೆಸರು ಯಾವುದಿದೆ?

ಆ ಹೆಸರಿಗೆ ಲೀಗ್ ಕೊಟ್ಟ ಜಾಗವನ್ನೂ ಹೇಳಿಬಿಡುತ್ತೇವೆ. 2016ರಲ್ಲಿ ಮಹಿಳೆಯರಿಗಾಗಿ ಮೂರು ತಂಡಗಳ ಪಂದ್ಯಾವಳಿಯೊಂದನ್ನು ನಡೆಸಲಾಯಿತು. ಮೂವರು ನಾಯಕಿಯರಲ್ಲಿ ಇಬ್ಬರು ಕರ್ನಾಟಕದವರು: ಫೈರ್ ಬರ್ಡ್ಸ್‌ಗೆ ಮಮತಾ ಪೂಜಾರಿ, ಸ್ಟಾರ್ಮ್ ಕ್ವೀನ್ಸ್‌ಗೆ ತೇಜಸ್ವಿನಿ ಬಾಯಿ. ಜುಲೈ 31ರಂದು ಇದೇ ಗಚ್ಚಿಬೌಲಿಯಲ್ಲಿ ಈ ಇಬ್ಬರ ತಂಡಗಳೇ ಫೈನಲ್ ಆಡಿದವು. ಸ್ಟಾರ್ಮ್ ಕ್ವೀನ್ಸ್ 24–23ರಿಂದ, ಒಂದೇ ಅಂಕದಿಂದ ಗೆದ್ದಿತು. ಹೈದರಾಬಾದಿನ ನೆಲದಲ್ಲಿ ಇಬ್ಬರು ಕನ್ನಡತಿಯರ ನಡುವೆ ನಡೆದ ಆ ಫೈನಲ್ಲನ್ನು ಎಷ್ಟು ಮುನ್ನೋಟಗಳು ನೆನೆಯುತ್ತವೆ? ಆ ಪಂದ್ಯಾವಳಿ ಮುಂದಿನ ವರ್ಷ ನಡೆಯಲಿಲ್ಲ. ಗಮನಿಸಿ: ಪುರುಷರ ತಂಡಗಳಿಗೆ ಊರಿನ ಹೆಸರಾದರೂ ಇತ್ತು; ಹೆಣ್ಣುಮಕ್ಕಳ ತಂಡಗಳಿಗೆ ಬೆಂಕಿ, ಮಂಜು, ಬಿರುಗಾಳಿಗಳ ಹೆಸರು. ಊರಿಲ್ಲದ ತಂಡಗಳು ಬಿರುಗಾಳಿಯಂತೆಯೇ ಬಂದು ಹೋದವು. ಕೇಳುವ ಊರೊಂದು ಇರಲಿಲ್ಲ.

ಬೇರುಬಿಡದ ಲೀಗುಗಳ ಗತಿ ಏನೆಂಬುದಕ್ಕೆ ಬಾಸ್ಕೆಟ್‌ಬಾಲ್ ಸಾಕ್ಷಿ. 2015ರಲ್ಲಿ ಯುಬಿಎ ಎಂಬ ವೃತ್ತಿಪರ ಲೀಗ್ ಆರಂಭವಾದಾಗ ಬೆಂಗಳೂರಿಗೆ ಬೀಸ್ಟ್, ಹೈದರಾಬಾದಿಗೆ ಸ್ಕೈ ಎಂಬ ತಂಡಗಳಿದ್ದವು. 2017ರ ನಂತರ ಆ ಲೀಗೇ ಇಲ್ಲವಾಯಿತು. ಯಾರಾದರೂ ಅತ್ತರೇ? ಅದೇ 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ಏಷ್ಯಾ ಕಪ್‌ನ ಬಿ ವಿಭಾಗದ ಫೈನಲ್‌ನಲ್ಲಿ ಭಾರತದ ವನಿತೆಯರು ಕಜಕಸ್ತಾನವನ್ನು ಸೋಲಿಸಿ ಎ ವಿಭಾಗಕ್ಕೆ ಏರಿದರು. ಕೊಂಡು ತಂದದ್ದು ಮಾಯವಾಯಿತು. ಬೆಳೆಸಿದ್ದು ಫಲ ಕೊಟ್ಟಿತು. ಕಬಡ್ಡಿಗೆ ಪ್ರೇಕ್ಷಕರು ಹೆಚ್ಚು, ಹಾಗಾಗಿ ಅದಕ್ಕೆ ಆ ಗತಿ ಬಾರದು ಎಂಬ ಧೈರ್ಯ ಕೆಲವರಿಗಿದೆ. ನಾಲ್ಕು ಊರುಗಳಿಗೆ ಕುಗ್ಗಿದ ಹನ್ನೆರಡು ತಂಡಗಳ ಲೀಗನ್ನು ನೋಡಿದರೆ ನಮಗೆ ಆ ಧೈರ್ಯ ಬರುವುದಿಲ್ಲ.

ಹಾಗಾದರೆ ಮುನ್ನೋಟವೇ ಬೇಡವೇ? ಬೇಕು, ಆದರೆ ಬೇರೆ ಅಳತೆಗೋಲಿನಿಂದ. ದೂರುವವರು ಬರೆದೂ ತೋರಿಸಬೇಕೆಂಬುದು ನ್ಯಾಯ. ಆದ್ದರಿಂದ ನಮ್ಮ ಎಣಿಕೆಯನ್ನೂ ಮುಂದಿಡುತ್ತೇವೆ.

ನಮ್ಮ ಮೊದಲ ಅಳತೆ: ದಾಳಿಯ ಮುಖ್ಯ ಆಟಗಾರ ಬೆಂಚಿನಲ್ಲಿ ಕುಳಿತಾಗ ಅಂಕ ತರುವವನು ಯಾರು? ಎರಡನೆಯದು: ಎರಡು ಕಾರ್ನರ್, ಎರಡು ಕವರ್ ಸೇರಿ ಎಷ್ಟು ಕಾಲ ಒಟ್ಟಿಗೆ ಆಡಿದ್ದಾರೆ? ಟ್ಯಾಕಲ್ ಎಂಬುದು ತೋಳ್ಬಲದ ಮಾತಲ್ಲ. ಕಾರ್ನರ್ ಆಟಗಾರ ಕಾಲಿಗೆ ಕೈಹಾಕಿದ ಕ್ಷಣದಲ್ಲೇ ಕವರ್ ಆಟಗಾರ ನುಗ್ಗಬೇಕು, ಅರೆಕ್ಷಣ ತಡವಾದರೆ ಇಬ್ಬರೂ ಹೊರಗೆ. ಆ ಹೊಂದಾಣಿಕೆ ಹರಾಜಿನಲ್ಲಿ ಸಿಗುವ ಸರಕಲ್ಲ. ಮೂರನೆಯದು: ಕೋಚ್‌ಗೆ ತಂಡ ಕಟ್ಟುವ ಕಾಲಾವಕಾಶ ಇದೆಯೇ?

ಈ ಅಳತೆಯಲ್ಲಿ ಪುಣೇರಿ ಪಲ್ಟನ್ ನಮಗೆ ಮೇಲಿನದಾಗಿ ಕಾಣುತ್ತದೆ. ಅಸ್ಲಂ ಇನಾಂದಾರ್ ಅವರ ಸುತ್ತಲಿನ ಬಳಗವನ್ನು ಅದು ವರ್ಷಗಳಿಂದ ಕಾಪಾಡಿಕೊಂಡಿದೆ. ಗುಜರಾತ್ ಜೈಂಟ್ಸ್ ಶಾದ್ಲೂ ಒಬ್ಬರ ಮೇಲೆ ಅತಿಯಾಗಿ ಭಾರ ಹೊರಿಸಿದೆ. ಆ ಭಾರಕ್ಕೆ ಅದು ಬಾಗಬಹುದು. ಕಳೆದ ಬಾರಿ ಪ್ರಶಸ್ತಿ ಗೆದ್ದ ಹರಿಯಾಣ ಸ್ಟೀಲರ್ಸ್‌ಗೆ ಅದೇ ಶಾದ್ಲೂ ಇಲ್ಲದ ರಕ್ಷಣೆಯನ್ನು ಮರಳಿ ಹೆಣೆಯುವ ಕೆಲಸವಿದೆ. ಟೈಟನ್ಸ್ ಪವನ್ ಅವರನ್ನು ಬಿಟ್ಟುಕೊಟ್ಟದ್ದು ಹಲವರಿಗೆ ಆಘಾತ. ನಮಗೆ ಅದು ಬಿಡುಗಡೆ. ಕಳೆದ ವರ್ಷವೇ ವಿಜಯ್ ಮಲಿಕ್ ಸದ್ದಿಲ್ಲದೆ ತಂಡವನ್ನು ಹೊತ್ತಿದ್ದರು. ಬುಲ್ಸ್‌ನಲ್ಲೇ ಹೆಸರು ಮಾಡಿದ ಭರತ್ ಹೂಡಾ 2025ರ ಹರಾಜಿನಲ್ಲಿ 81 ಲಕ್ಷಕ್ಕೆ ಅವರ ಜೊತೆ ಸೇರಿದರು. ದಿಲ್ಲಿಗೆ ಪ್ರಶಸ್ತಿ ತಂದಿದ್ದ ಕೃಷನ್ ಕುಮಾರ್ ಹೂಡಾ ಕೋಚ್ ಆಗಿದ್ದರು.

ಬುಲ್ಸ್‌ನಲ್ಲಿ ಬದಲಾವಣೆ ಇನ್ನೂ ಆಳವಾದದ್ದು. ಮೊದಲ ಆವೃತ್ತಿಯಿಂದ ಇದ್ದ ರಣಧೀರ್ ಸಿಂಗ್ ಅವರ ಸ್ಥಾನಕ್ಕೆ ಬಿ.ಸಿ. ರಮೇಶ್ ಬಂದರು. ಯೋಗೇಶ್ ದಹಿಯಾ ಅವರಿಗೆ ಕೋಟಿಗೆ ಮೇಲ್ಪಟ್ಟು ತೆತ್ತು ರಕ್ಷಣೆಗೆ ಆದ್ಯತೆ ಕೊಟ್ಟದ್ದು ಸರಿಯಾದ ನಡೆ. ದಾಳಿಯಲ್ಲಿ ಬೆಳಗುವ ತಾರೆಯಿಲ್ಲ ಎಂದು ಮುನ್ನೋಟಕಾರರು ಮೂಗು ಮುರಿದಿದ್ದಾರೆ. ಮೇಲೆ ಹಾಕಿದ ಲೆಕ್ಕ ನೋಡಿದವರಿಗೆ ಅದು ಕೊರತೆಯಾಗಿ ಕಾಣಬೇಕಿಲ್ಲ. ಈ ಆವೃತ್ತಿಯಲ್ಲಿ ಮೊದಲ ಎಂಟು ತಂಡಗಳಿಗೆ ಮುಂದಿನ ಸುತ್ತಿನ ಬಾಗಿಲು ತೆರೆದಿತ್ತು. ಬುಲ್ಸ್ ಮತ್ತು ಟೈಟನ್ಸ್ ಎರಡೂ ಆ ಎಂಟರೊಳಗೆ ಇರುತ್ತವೆ ಎಂಬುದು ನಮ್ಮ ಎಣಿಕೆ. ಆದರೆ ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಕೋಲ್ಕತ್ತಕ್ಕೂ ಪುಣೆಗೂ ಕಪ್ ಗೆದ್ದುಕೊಟ್ಟ ಕನ್ನಡಿಗ ಕೋಚ್ ಊರಿನ ತಂಡಕ್ಕೆ ಬಂದರು. ಅವರು ಅಂಕಣದ ಪಕ್ಕ ನಿಂತು ಕೂಗುವ ಕನ್ನಡ ವಿಶಾಖಪಟ್ಟಣ, ಜೈಪುರ, ಚೆನ್ನೈ, ದಿಲ್ಲಿಗಳಲ್ಲಿ ಕೇಳಿಸುತ್ತದೆ, ಬೆಂಗಳೂರಿನಲ್ಲಿ ಮಾತ್ರ ಕೇಳಿಸುವುದಿಲ್ಲ. ಈ ಆವೃತ್ತಿಯ ಎಲ್ಲ ಮುನ್ನೋಟಗಳ ಮೊದಲ ವಾಕ್ಯ ಇದಾಗಬೇಕಿತ್ತು. ಎಲ್ಲೂ ಆಗಲಿಲ್ಲ.

ಆದ್ದರಿಂದ ಕನ್ನಡದಲ್ಲಿ ಕ್ರೀಡೆಯ ಬಗ್ಗೆ ಬರೆಯುವವರಲ್ಲಿ ನಮ್ಮ ಬೇಡಿಕೆ ಸರಳ. ಪ್ರತಿ ಆವೃತ್ತಿಯ ಮುನ್ನ ಹರಾಜಿನ ಮೊತ್ತದ ಪಕ್ಕದಲ್ಲಿ ಇನ್ನು ಮೂರು ಸಾಲು ಸೇರಿಸಿ: ಈ ತಂಡ ತನ್ನ ಊರಿನಲ್ಲಿ ಎಷ್ಟು ಪಂದ್ಯ ಆಡುತ್ತದೆ? ತನ್ನ ನೆಲದ ಎಷ್ಟು ಹೊಸ ಹುಡುಗರಿಗೆ ಅಂಕಣ ತೋರಿಸಿದೆ? ಹೆಣ್ಣುಮಕ್ಕಳಿಗಾಗಿ ಏನು ಮಾಡಿದೆ? ಮೂರಕ್ಕೂ ಸೊನ್ನೆ ಬಂದರೆ ಸೊನ್ನೆ ಎಂದೇ ಅಚ್ಚು ಮಾಡಿ. ನಮ್ಮ ಹೊರನಾಡಿನ ಕೂಟಗಳಲ್ಲಿ ಬೇಡಿಕೊಳ್ಳುವುದೂ ಒಂದಿದೆ: ಯಾವ ಅಂಗಿ ತೊಟ್ಟೆ ಎಂದು ಮಕ್ಕಳನ್ನು ಪರೀಕ್ಷಿಸುವುದನ್ನು ನಿಲ್ಲಿಸೋಣ. ಅವರು ಟೈಟನ್ಸ್‌ಗೆ ಕೂಗಲಿ, ಬುಲ್ಸ್‌ಗೆ ಕೂಗಲಿ. ಕೂಗುವುದನ್ನು ಕನ್ನಡದಲ್ಲಿ ಕೂಗಿದರೆ ನಮಗೆ ಸಾಕು. ತಂಡಗಳ ಕಡೆಯಿಂದ ಬಾಕಿಯಿರುವ ಉತ್ತರಕ್ಕೆ ನಾವು ನಮ್ಮ ಮಕ್ಕಳನ್ನು ಕಟಕಟೆಯಲ್ಲಿ ನಿಲ್ಲಿಸಬೇಕಿಲ್ಲ.